ಗುಂಯ್ ಸದ್ದು ನಿಲ್ಲಿಸಲು ತಮ್ಮ ಬೂದು ಕುದುರೆಯನ್ನು ಕಳಿಸಿಕೊಡುವ ಬಗ್ಗೆ

ಮಾನ್ಯರೇ,

ಈ ಕಾಗದ ಯಾರ ಕೈಗೆ ಮೊದಲು ಸಿಕ್ಕಿದೆಯೋ ಅವರು ಬಾಯಲ್ಲಿರುವ ಸೂರ್ಯಕಾಂತಿ ಬೀಜದ ಸಿಪ್ಪೆ ಉಗುಳಿ, ಕೈ ಒರೆಸಿಕೊಂಡು, ನೆಟ್ಟಗೆ ಕೂತು ಓದತಕ್ಕದ್ದು. ನಾನು ಹಿಂದೆ ಬರೆದ ಮೂರು ಕಾಗದಗಳಲ್ಲಿ ಒಂದರ ಮೇಲೆ ಚಹಾ ಬಟ್ಟಲಿನ ದುಂಡು ಕಲೆ ಕೂತಿದ್ದನ್ನೂ, ಇನ್ನೊಂದನ್ನು ನಿಮ್ಮ ಕಚೇರಿಯ ಒಡೆದ ಕಿಟಕಿಗೆ ತುರುಕಿದ್ದನ್ನೂ ನನ್ನ ಅಳಿಯ ಕಣ್ಣಾರೆ ಕಂಡು ಬಂದಿದ್ದಾನೆ. ಅದಕ್ಕೇ ಈ ನಾಲ್ಕನೆಯದನ್ನು ಬಹಿರಂಗ ಪತ್ರ ಮಾಡಿ ಒಂದು ಪ್ರತಿಯನ್ನು ನಮ್ಮೂರ ಅಂಗಡಿಯ ಬಾಗಿಲಿಗೂ ಅಂಟಿಸಿದ್ದೇನೆ. ಅಲ್ಲಿ ನಿಂತು ಓದುತ್ತಿರುವ ಊರಿನವರೂ ಹಲ್ಲು ಕಿರಿಯಬೇಕಾಗಿಲ್ಲ. ನಿಮ್ಮ ಮನೆಗೆ ಬರುವುದೂ ಇದೇ ತಂತಿಯೇ.

ಜಿಲ್ಲಾ ವಿದ್ಯುತ್ ಕಚೇರಿಯ ಘನ ಪರಿವೀಕ್ಷಕರೂ, ಉದ್ದ ಏಣಿಯ ಒಡೆಯರೂ, ಬೀಗದ ಕೈ ಗೊಂಚಲಿನ ಧಾರಕರೂ ಆದ ಮೆದೆರ್ ಅವರಿಗೆ ಕೋಕ್-ತಾಶ್ ಹಳ್ಳಿಯ ಮೇಲಿನ ಓಣಿಯ ಝೂರಕಾನ್ ಅಜ್ಜಿಯ ನಮಸ್ಕಾರಗಳು. ತಾವು ಕ್ಷೇಮವೇ, ಮಕ್ಕಳು ಮರಿ ಕ್ಷೇಮವೇ, ಕುರಿ ದನ ಕ್ಷೇಮವೇ, ತಮ್ಮ ಬೂದು ಹೆಣ್ಣುಕುದುರೆ ಕ್ಷೇಮವೇ. ಕೊನೆಯದನ್ನು ಬರೀ ಉಪಚಾರಕ್ಕೆ ಕೇಳಿದ್ದಲ್ಲ, ಆ ಮಾತಿಗೆ ಆಮೇಲೆ ಬರುತ್ತೇನೆ.

ನನ್ನ ಅಹವಾಲು ತಮಗೆ ಮರೆತಿರಬಹುದು, ದೊಡ್ಡವರಿಗೆ ನೂರೆಂಟು ಕೆಲಸ. ಐವತ್ತು ವರ್ಷದ ಹಿಂದೆ ನಗರದಿಂದ ರೇಡಿಯೋದವರ ವ್ಯಾನು ನಮ್ಮ ಸಾಮೂಹಿಕ ಬೇಸಾಯದ ಕ್ಲಬ್ಬಿಗೆ ಬಂದು, ನಾನು ಮೂರು ತಂತಿಯ ಕೋಮುಜ್ ನುಡಿಸಿದ್ದನ್ನು ಟೇಪಿನಲ್ಲಿ ಹಿಡಿದುಕೊಂಡು ಹೋಗಿತ್ತು. ಅದರ ಒಂದು ಸುರುಳಿ ಕ್ಲಬ್ಬಿನಲ್ಲೇ ಉಳಿದಿತ್ತು, ಹೋದ ಚಳಿಗಾಲ ಕ್ಲಬ್ಬಿನ ಮಾಡು ಕೆಡವಿದಾಗ ಸಿಕ್ಕಿತು. ಟ್ರಾಕ್ಟರ್ ರಿಪೇರಿ ಮಾಡುವ ನನ್ನ ಅಳಿಯ ಕಾಚ್ಕಿನ್, ಹಳೇ ಟೇಪು ಯಂತ್ರ, ಆಂಪ್ಲಿಫೈಯರು, ಮೊಣಕಾಲೆತ್ತರದ ಎರಡು ಸ್ಪೀಕರು ಎಲ್ಲವನ್ನೂ ಎಲ್ಲೆಲ್ಲಿಂದಲೋ ಹೊಂದಿಸಿ ತಂದು ಅತಿಥಿಗಳ ಕೋಣೆಯಲ್ಲಿ ಇಟ್ಟ. ಗುಂಡಿ ತಿರುಗಿಸಿದರೆ ಕೋಮುಜ್ ಇಲ್ಲ, ಬರೀ ಗುಂಯ್. ಜೇನುಗೂಡಿಗೆ ತಲೆ ಹಾಕಿದ ಹಾಗೆ. ಆ ಗುಂಯ್ ಒಳಗೆ ಎಲ್ಲೋ ದೂರದಲ್ಲಿ ನಾನು ನುಡಿಸುತ್ತಿದ್ದೆ, ನನಗೆ ಮಾತ್ರ ಗೊತ್ತಾಗುವಷ್ಟು.

ಇದು ಹೀಗೇ ಇರಲಿ ಎಂದು ಸುಮ್ಮನಿರುತ್ತಿದ್ದೆ, ನನ್ನ ಬೀಗಿತ್ತಿ ಶಾರ್ಶೆಕಾನ್ ಒಬ್ಬಳು ಇಲ್ಲದಿದ್ದರೆ. ಮುಂದಿನ ತಿಂಗಳು ಐದನೇ ತಾರೀಖು ನಮ್ಮ ಮರಿಮಗಳು ಸೈಕಾಲ್‌ಗೆ ಏಳು ತುಂಬುತ್ತದೆ, ಅವಳ ಕೈಗೆ ಕೋಮುಜ್ ಕೊಟ್ಟು ಮೊದಲ ಪಾಠ ಹೇಳಬೇಕು. ನಾನು ಹೇಳುತ್ತೇನೆ ಎಂದೆ. ಬೀಗಿತ್ತಿ ತನ್ನ ತಮ್ಮ ಹೇಳಲಿ ಎಂದಳು. ಆತ ಪಟ್ಟಣದಲ್ಲಿ ಟೈ ಕಟ್ಟಿಕೊಂಡು ಮದುವೆಗಳಲ್ಲಿ ನುಡಿಸುತ್ತಾನೆ. ನಾನು ರೇಡಿಯೋದಲ್ಲಿ ನುಡಿಸಿದವಳು ಎಂದೆ. ಅವಳು ತುಂಬಿದ ಪಂಕ್ತಿಯಲ್ಲಿ ರೊಟ್ಟಿ ಮುರಿಯುತ್ತಾ, "ಹೌದಾ ಬೀಗಿತ್ತಿ, ಹಾಗಾದ್ರೆ ಈಗೊಂದು ನುಡಿಸು ನೋಡೋಣ, ಆ ರೇಡಿಯೋ ಕೇಳಿದವ್ರು ಯಾರೂ ಉಳಿದಿಲ್ವಲ್ಲ" ಎಂದಳು. ನನ್ನ ಬೆರಳ ಗೆಣ್ಣುಗಳು ಊದಿಕೊಂಡು ಎಂಟು ವರ್ಷವಾಗಿರುವುದು ಅವಳಿಗೆ ಚೆನ್ನಾಗಿ ಗೊತ್ತು. ಕಡೆಗೆ ಹಿರಿಯರು ಕೂಡಿ ಒಂದು ಕರಾರು ಮಾಡಿದರು: ಐದನೇ ತಾರೀಖು ಎಲ್ಲರೆದುರು ಟೇಪು ಹಾಕುವುದು, ಕೇಳಿಸಿದರೆ ಪಾಠ ನನ್ನದು, ಗುಂಯ್ ಎಂದರೆ ಟೈ ಕಟ್ಟಿದವನದು.

ಊದಿದ ಬೆರಳಲ್ಲಿ ನುಡಿಸಲಾರೆ, ಆದರೆ ಮಗುವಿನ ಬೆರಳು ಹಿಡಿದು ಸರಿಯಾದ ಜಾಗದಲ್ಲಿ ಇಡಬಲ್ಲೆ. ನನಗೆ ಬೇಕಾದದ್ದು ಅಷ್ಟೇ.

ಸದ್ದು ತೆಗೆಯಲು ನಾವೇನೂ ಮಾಡದೆ ಕೈ ಕಟ್ಟಿ ಕೂತಿದ್ದೆವು ಎಂದು ತಾವು ತಿಳಿಯಬಾರದು. ಕಾಚ್ಕಿನ್ ಪ್ಲಗ್ಗನ್ನು ತಿರುಗಿಸಿ ಚುಚ್ಚಿದ. ಕರೆಂಟಿನ ತಂತಿ ಒಂದು ಗೋಡೆಗೆ, ಟೇಪಿನ ತಂತಿ ಎದುರು ಗೋಡೆಗೆ ಮಾಡಿ, ಜಗಳವಾಡಿದ ಸೊಸೆಯರನ್ನು ಬೇರೆ ಮಲಗಿಸಿದ ಹಾಗೆ ಎರಡನ್ನೂ ದೂರ ಇಟ್ಟ. ಫ್ರಿಜ್ ನಿಲ್ಲಿಸಿದ, ಗುಂಯ್ ಒಂದು ಎಳೆ ಕಡಿಮೆಯಾಯಿತು, ಬೆಣ್ಣೆಯೆಲ್ಲ ಎಣ್ಣೆಯಾಯಿತು. ಕೊನೆಗೆ, "ಅತ್ತೆ, ಇದಕ್ಕೆ ಅರ್ಥಿಂಗೇ ಇಲ್ಲ, ಇಡೀ ಓಣಿಗೇ ಇಲ್ಲ, ಕಚೇರಿಯವ್ರು ಹಾಕ್ಬೇಕಿತ್ತು" ಎಂದು ಹೇಳಿ, ಆಂಪ್ಲಿಫೈಯರಿನ ಬೆನ್ನಿಗೆ ಒಂದು ತಾಮ್ರದ ತಂತಿ ಕಟ್ಟಿ, ಕಿಟಕಿಯಿಂದ ಹೊರಗೆಳೆದು, ಅಂಗಳದಲ್ಲಿ ಅತಿಥಿಗಳ ಕುದುರೆ ಕಟ್ಟುವ ಕಬ್ಬಿಣದ ಕಂಬಕ್ಕೆ ಬಿಗಿದ. ನನ್ನ ಮಾವ ಆಳುದ್ದ ಹೂತ ಕಂಬ ಅದು. ಆದರೂ ಗುಂಯ್. ನಮ್ಮ ನೆಲ ಒಣಕಲ್ಲು.

ಆಗಲೇ ತಮಗೆ ಬರೆದದ್ದು, ಆಗಲೇ ತಾವು ದಯಮಾಡಿಸಿದ್ದು. ಕಚೇರಿಯ ಜೀಪಿಗೆ ಚಕ್ರವಿಲ್ಲದ ಕಾರಣ ಬೂದು ಕುದುರೆಯ ಮೇಲೆ ಬಂದಿರಿ, ಅದನ್ನು ಆ ಕಂಬಕ್ಕೆ ಕಟ್ಟಿದಿರಿ. ಮನೆಗೆ ಬಂದವರನ್ನು ಹೊಸ್ತಿಲಲ್ಲೇ ಕೆಲಸಕ್ಕೆ ಹಚ್ಚುವಷ್ಟು ಹೀನ ಮನೆತನ ನಮ್ಮದಲ್ಲವಾದ್ದರಿಂದ ಮೊದಲು ಚಹಾ, ರೊಟ್ಟಿ, ಕೆನೆ, ಏಪ್ರಿಕಾಟ್ ಜಾಮು, ಮತ್ತೆ ಚಹಾ, ತಮ್ಮ ಮೈದುನನ ಮೊಕದ್ದಮೆಯ ಕಥೆ, ಮತ್ತೆ ಚಹಾ. ಇದೆಲ್ಲ ಮುಗಿದು ಯಂತ್ರದ ಗುಂಡಿ ತಿರುಗಿಸಿದರೆ ಗುಂಯ್ ಮಾಯ. ಕೋಮುಜ್ ಕಿವಿಯ ಪಕ್ಕದಲ್ಲೇ ಕೂತು ನುಡಿಸಿದ ಹಾಗೆ ಬಂತು. ತಾವು ಕಣ್ಣು ಮುಚ್ಚಿ ತಲೆದೂಗಿದಿರಿ, ಆಮೇಲೆ ಕಣ್ಣು ತೆರೆದು, "ಅಜ್ಜಿ, ಸದ್ದು ಎಲ್ಲಿದೆ, ನಿಮ್ಮ ಕಿವೀಲಾ" ಎಂದು ಕೇಳಿ, ವರದಿಯಲ್ಲಿ 'ದೋಷ ಕಂಡುಬಂದಿಲ್ಲ' ಎಂದು ಬರೆದು ಹೊರಟಿರಿ. ಮರುದಿನ ಗುಂಯ್ ವಾಪಸು. ಎರಡನೇ ಸಲವೂ ಹೀಗೇ. ಮೂರನೇ ಸಲ ವರದಿಯಲ್ಲಿ 'ಅರ್ಜಿದಾರಳ ಶ್ರವಣ ಪರೀಕ್ಷೆ ಮಾಡಿಸತಕ್ಕದ್ದು' ಎಂದು ಸೇರಿಸುವ ಕರುಣೆಯನ್ನೂ ತೋರಿದಿರಿ.

ತಮ್ಮ ಪಾದಗುಣವೇ ಹೀಗೆ ಎಂದು ನಾನು ನಂಬಿಬಿಟ್ಟಿದ್ದೆ. ತಾವು ಒಳಗೆ ಬಂದರೆ ಕರೆಂಟೇ ಹೆದರಿ ಬಾಯಿ ಮುಚ್ಚುತ್ತದೆ ಎಂದು ಓಣಿಯಲ್ಲೆಲ್ಲ ಹೊಗಳಿದ್ದೆ. ಕಾಚ್ಕಿನ್ ಮಾತ್ರ ಮೂರನೇ ಸಲ ತಾವು ಹೋದ ಮೇಲೆ ಕಂಬದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು, ಮಣ್ಣು ಮುಟ್ಟಿ, ಮೂಸಿ, ನಗುತ್ತ ಒಳಗೆ ಬಂದು, "ಅತ್ತೆ, ಅರ್ಥಿಂಗ್ ಹಾಕಿದ್ದು ಪರಿವೀಕ್ಷಕರಲ್ಲ, ಅವರ ಕುದುರೆ" ಎಂದ. ತಾವು ಮೂರು ಬಟ್ಟಲು ಚಹಾ ಮುಗಿಸುವುದರೊಳಗೆ ಅದು ಕಂಬದ ಬುಡವನ್ನು ಚೆನ್ನಾಗಿ ನೆನೆಸುತ್ತದೆ. ನೆಂದ ಉಪ್ಪು ಮಣ್ಣು ಕರೆಂಟಿನ ಕಳ್ಳ ಸದ್ದನ್ನು ಹೀರಿಕೊಂಡು ಭೂಮಿಗೆ ಇಳಿಸುತ್ತದೆಯಂತೆ. ಒಣಗಿದರೆ ಮುಗಿಯಿತು.

ಹಾಗಾದರೆ ನೀರು ಹೊಯ್ಯಿರಿ ಎಂದು ಬರೆಯಲು ತಾವು ಪೆನ್ನು ತೆಗೆದಿದ್ದರೆ ದಯವಿಟ್ಟು ಒಳಗಿಡಿ. ಬರೀ ನೀರು ಸಾಲಲಿಲ್ಲ. ಉಪ್ಪು ನೀರು ಹೊಯ್ದೆವು. ಓಣಿಯ ಕುರಿಗಳೆಲ್ಲ ಬಂದು ಮಣ್ಣು ನೆಕ್ಕಿ, ಸಾಲದೆಂದು ತಂತಿಯನ್ನೂ ಕಡಿದವು. ಪಕ್ಕದ ಮನೆಯ ಕತ್ತೆ ತಂದು ಕಟ್ಟಿದೆವು; ಗುಂಯ್ ತಗ್ಗಿತು, ಆದರೆ ಟೇಪು ಶುರುವಾದ ಕೂಡಲೇ ಅದೂ ಹಾಡಿತು. ನಮ್ಮ ಹಸು ಕೋಮುಜ್ ಮುಗಿಯುವವರೆಗೂ ಬಿಗಿಹಿಡಿದು ನಿಂತು, ಬಿಚ್ಚಿ ಕೊಟ್ಟಿಗೆಗೆ ಹೊಡೆದ ಮೇಲೆ ದಾರಿಯಲ್ಲಿ ಕೆಲಸ ಮುಗಿಸಿತು. ನಮ್ಮ ಕುದುರೆಗಳೆಲ್ಲ ಮಗನ ಜೊತೆ ಬೆಟ್ಟದ ಮೇಲಿನ ಹುಲ್ಲುಗಾವಲಿನಲ್ಲಿವೆ, ಶರತ್ಕಾಲದವರೆಗೆ ಇಳಿಯುವುದಿಲ್ಲ. ಬೀಗಿತ್ತಿ ಬರುವುದು ಪಟ್ಟಣದಿಂದ ಕಾರಿನಲ್ಲಿ. ಆ ಕಾರನ್ನು ಕಂಬಕ್ಕೆ ಕಟ್ಟಿ ಏನು ಪ್ರಯೋಜನ ಎಂದು ತಾವೇ ಹೇಳಿ.

ಇಷ್ಟರ ಮೇಲೆ ಈಗ ಬಂದ ಸುದ್ದಿಯೆಂದರೆ ತಮ್ಮ ಕಚೇರಿಯ ಜೀಪಿಗೆ ನಾಲ್ಕೂ ಚಕ್ರ ಬಂದಿವೆಯಂತೆ, ಕುದುರೆಗೆ ವಿಶ್ರಾಂತಿಯಂತೆ. ಇಡೀ ಜಿಲ್ಲೆಯಲ್ಲಿ ಕೆಲಸ ಮಾಡುತ್ತಿದ್ದ ಒಂದೇ ಒಂದು ಜೀವವನ್ನು ಮನೆಗೆ ಕಳಿಸುವುದು ಯಾವ ನ್ಯಾಯ ಎಂದು ಕೇಳಲು ನನ್ನಂಥವಳಿಗೆ ಅಧಿಕಾರವಿಲ್ಲ. ಆದರೂ ವಿನಯದಿಂದ ಬೇಡಿಕೊಳ್ಳುವುದೇನೆಂದರೆ, ಬೂದು ಕುದುರೆಯನ್ನು ಈ ಕೂಡಲೇ ಅರ್ಥಿಂಗ್ ವಿಭಾಗದ ಮುಖ್ಯ ಎಂಜಿನಿಯರ್ ಎಂದು ನೇಮಿಸಬೇಕು. ಕಿವಿಗೆ ತೂತು ಬಿಟ್ಟು ಹೊಲಿಸಿದ ಕಚೇರಿಯ ಟೋಪಿ ಕೊಡಬೇಕು. ತಾವು ಬರೆದ ಮೂರೂ ವರದಿಗಳ ಕೆಳಗೆ ತಮ್ಮ ಸಹಿ ಹೊಡೆದುಹಾಕಿ ಅದರ ಗೊರಸಿನ ಗುರುತು ಒತ್ತಿಸಬೇಕು. ಓಣಿಗೆ ಇಪ್ಪತ್ತು ಮನೆಗಳಿರುವುದರಿಂದ ಅದಕ್ಕೆ ಹತ್ತೊಂಬತ್ತು ಸಹಾಯಕರನ್ನು ಮಂಜೂರು ಮಾಡಬೇಕು. ಇದು ಕಷ್ಟವಾದರೆ ಓಣಿಗೆ ಒಂದು ಅರ್ಥಿಂಗ್ ತಂತಿ ಎಳೆದರೂ ಆದೀತು, ಆದರೆ ಅಂಥ ಅಸಾಧ್ಯವಾದದ್ದನ್ನು ಕೇಳಿ ತಮ್ಮನ್ನು ಮುಜುಗರಕ್ಕೆ ಸಿಕ್ಕಿಸುವ ಹೆಂಗಸು ನಾನಲ್ಲ.

ಐದನೇ ತಾರೀಖು ಬೆಳಿಗ್ಗೆ ಕುದುರೆಗೆ ಹೊಟ್ಟೆ ತುಂಬ ನೀರು ಕುಡಿಸಿ ಕಳಿಸಿಕೊಡಿ. ಓಟ್ಸು ನಾನು ಹಾಕುತ್ತೇನೆ. ಊಟದ ಹೊತ್ತಿಗೆ ಬೀಗಿತ್ತಿಯ ಎದುರು ಟೇಪು ತಿರುಗಬೇಕು.

ತಮ್ಮ ವಿಶ್ವಾಸಿ, ಕಿವಿ ಇನ್ನೂ ಗಟ್ಟಿಯಾಗಿರುವ,
ಝೂರಕಾನ್

ಮರೆತ ಮಾತು: ಅಂದು ಕುದುರೆಗೆ ಬಿಡುವಿಲ್ಲದಿದ್ದರೆ ತಾವೇ ಬರಬಹುದು, ಬೇಸರವಿಲ್ಲ. ಹುಳಿಬಂದ ಕುದುರೆ ಹಾಲು ಒಂದು ಚರ್ಮದ ಚೀಲ ತುಂಬ ತೆಗೆದಿಟ್ಟಿದ್ದೇನೆ, ಕುಡಿದಷ್ಟೂ ಕೊಡುತ್ತೇನೆ. ಕಂಬ ಎಲ್ಲಿದೆ ಎಂದು ತಮಗೆ ಗೊತ್ತಿದೆ. ಹೆಂಗಸರೆಲ್ಲ ಒಳಗೇ ಇರುವ ಹಾಗೆ ನಾನು ನೋಡಿಕೊಳ್ಳುತ್ತೇನೆ. ತಾವಿಬ್ಬರಲ್ಲಿ ಯಾರು ಬರುತ್ತೀರಿ ಎಂಬುದನ್ನು ಮಾತ್ರ ಮುಂದಿನ ತಿಂಗಳು ಹುಟ್ಟುವ ಮೊದಲೇ ಬರೆದು ತಿಳಿಸಿ.