ಮೂರನೆಯ ಬೋರು

ಪ್ರಭುಲಿಂಗಪ್ಪ ಹಟಮಾರಿ. ತಾನು ತಪ್ಪಿದೆ ಎಂಬ ಮಾತು ಆ ಮನುಷ್ಯನ ಬಾಯಿಂದ ಹೊರಡುವುದೇ ಇಲ್ಲ. ಮೂವತ್ನಾಲ್ಕು ವರ್ಷ ಜೊತೆಗೆ ಬಾಳಿ ಸುಧಾರಾಣಿ ಕೊಟ್ಟ ತೀರ್ಪು ಇದು, ಮೇಲ್ಮನವಿಗೆ ಅವಕಾಶವಿರಲಿಲ್ಲ.

ಸಾಕ್ಷ್ಯಗಳಿಗೇನೂ ಕೊರತೆಯಿರಲಿಲ್ಲ. ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಅವನು ಮೆಕ್ಯಾನಿಕ್ ಆಗಿದ್ದ ಕಾಲದಲ್ಲಿ, ಸಂಜೆ ಹಾವೇರಿಗೆ ಬರಬೇಕಾದವನು ಒಮ್ಮೆ ಎದುರು ದಿಕ್ಕಿನ ರೈಲು ಹತ್ತಿಬಿಟ್ಟ. ರಾಣೇಬೆನ್ನೂರಿನಲ್ಲಿ ಇಳಿದವನು, ತಪ್ಪು ರೈಲು ಹತ್ತಿದೆ ಎಂದು ಒಪ್ಪಿಕೊಳ್ಳುವ ಬದಲು, ಅಲ್ಲಿಯೇ ಕೆಲಸವಿತ್ತೆಂದು ತೋರಿಸಲು ಎರಡು ಚೀಲ ಹತ್ತಿಬೀಜ ಹೊತ್ತು ತಂದ. ಅವರಿಗೆ ಗೇಣು ಹೊಲವಿರಲಿಲ್ಲ. ಬೀಜ ಆರು ವರ್ಷ ಮಂಚದ ಕೆಳಗೆ ಬಿದ್ದಿತ್ತು. ಇನ್ನೊಮ್ಮೆ ಉಪ್ಪಿಟ್ಟಿಗೆ ಎರಡು ಸಲ ಉಪ್ಪು ಹಾಕಿ, ಇಡೀ ಪಾತ್ರೆಯನ್ನು ತಾನೊಬ್ಬನೇ ತಿಂದು ಮುಗಿಸಿ, ಮೂರು ತಂಬಿಗೆ ನೀರು ಕುಡಿದು, "ಉಪ್ಪಿಟ್ಟು ಅಂದ್ರ ಹಿಂಗ ಇರಬೇಕು" ಎಂದ.

ಇಂಥವನಿಗೆ ನಿವೃತ್ತಿ ಬಂತು. ನೌಕರಿಯಲ್ಲಿದ್ದಾಗ ಅವನ ಹಟವನ್ನು ಕಂಪ್ರೆಸರುಗಳು ಹಂಚಿಕೊಳ್ಳುತ್ತಿದ್ದವು. ಈಗ ಪೂರ್ತಿ ಪಾಲು ಹೆಂಡತಿಗೇ ಬಂತು.

ಇವರು ಇದ್ದದ್ದು ಹಾವೇರಿಯ ಮಂದಾರ ಅಪಾರ್ಟ್‌ಮೆಂಟಿನಲ್ಲಿ. ಒಟ್ಟು ಎಂಟು ಮನೆ. ಇವರ ಮನೆ ಸುಧಾರಾಣಿಯ ಹೆಸರಿನಲ್ಲಿತ್ತು. ಮಹಿಳಾ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿ ಆಕೆ ಕೊಂಡದ್ದು. ನಿವಾಸಿಗಳ ಸಂಘಕ್ಕೆ ಆಕೆಯೇ ಕಾರ್ಯದರ್ಶಿ; ಬಂದ ಕಾಗದಕ್ಕೆಲ್ಲ ಸಂಘದ ಶಿಕ್ಕಾ, ಅಂದರೆ ಮೊಹರು, ಒತ್ತುವವಳೂ ಆಕೆಯೇ. (ಉಳಿದ ಏಳು ಮನೆಗಳಲ್ಲಿ ಒಂದು ವಾಕ್ಯವನ್ನು ಆರಂಭಿಸಿ ಮುಗಿಸಬಲ್ಲವರು ಯಾರೂ ಇರಲಿಲ್ಲ ಎಂಬುದು ಆಕೆಯ ಅಭಿಪ್ರಾಯ.)

ಎರಡು ಸಾವಿರದ ಆರನೆಯ ಇಸವಿಯ ಬೇಸಿಗೆಯಲ್ಲಿ ಪ್ರಭುಲಿಂಗಪ್ಪನಿಗೆ ಜ್ಞಾನೋದಯವಾಯಿತು.

"ಸುಧಾ, ಭೂಮಿಯೊಳಗ ಇನ್ನೂರು ಫೂಟು ಇಳದ್ರ ಬ್ಯಾಸಗಿ ಇಲ್ಲ, ಥಂಡಿ ಇಲ್ಲ. ವರ್ಷಪೂರ್ತಿ ಒಂದ ಹದ ಇರತೈತಿ."

"ಹಂಗಾರ ಅಲ್ಲೇ ಹೋಗಿ ಇರ್ರಿ," ಎಂದಳು ಸುಧಾರಾಣಿ, ಬೀಸಣಿಗೆ ಬೀಸಿಕೊಳ್ಳುತ್ತ.

"ಚ್ಯಾಷ್ಟಿ ಬ್ಯಾಡ. ಪರದೇಶದಾಗ ದೊಡ್ಡ ದೊಡ್ಡ ಬಿಲ್ಡಿಂಗಿಗೆ ಮಾಡ್ಯಾರ. ಫ್ರಿಜ್ಜು ತನ್ನ ಬಿಸಿ ಹಿಂದ ಬಿಡತೈತಲ್ಲ? ನಾವು ಎಂಟೂ ಮನಿ ಬಿಸಿ ತಗೊಂಡು ಭೂಮಿಯೊಳಗ ಬಿಡೂದು. ಬೋರಿನಾಗ ಪೈಪ್ ಇಳಸೂದು, ಪೈಪಿನಾಗ ನೀರು ತಿರಗೂದು, ಪಾವಟಿಗಿ ಕೆಳಗ ಒಂದ ಕಂಪ್ರೆಸರ್. ಮುಗೀತು."

"ಮೂವತ್ತು ವರ್ಷ ಮೆಣಸಿನಕಾಯಿ ಥಂಡ ಮಾಡಿದ್ದು ಸಾಲಲಿಲ್ಲೇನು? ಈಗ ಮನಷ್ಯಾರನ್ನ ಚೀಲದಾಗ ಕಟ್ಟಿ ಇಡ್ತೀರೇನು?"

ಆದರೆ ಬಿಸಿಲು ಅವನ ಪರವಾಗಿತ್ತು. ಸಂಘದ ಸಭೆಯಲ್ಲಿ ಮೂರನೆಯ ಮಹಡಿಯ ಹೊಳಿಯವ್ವ ಮೊದಲು ಎದ್ದಳು. ಗುತ್ತಲದ ಹೊಳೆಯ ಗಾಳಿ ಕುಡಿದು ಬೆಳೆದವಳು. "ನಮ್ಮ ಮನಿಯಾಗ ಮಧ್ಯಾಹ್ನ ನೆಲದ ಮ್ಯಾಲೆ ಹಪ್ಪಳ ಇಟ್ರ ತಾನ ಸುಡತೈತಿ ನೋಡ್ರಿ. ಏನಾರ ಮಾಡ್ರಿಯಪ್ಪಾ," ಎಂದಳು. ಅಧ್ಯಕ್ಷ ಶಮಶೇರಸಾಬ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ. "ಅಣ್ಣಾರ ಕೈಯಾಗ ನನ್ನ ಮಾಲು ಒಂದ ವರ್ಷಾನೂ ಬಣ್ಣ ಬಿಟ್ಟಿಲ್ಲ. ನಾವೂ ಬಿಡಂಗಿಲ್ಲ ಬಿಡ್ರಿ," ಎಂದ. ಠರಾವು ಪಾಸಾಯಿತು.

ಪ್ರಭುಲಿಂಗಪ್ಪನಿಗೆ ಅಷ್ಟು ಸಾಲದು. ಜನ ನಡುವೆ ಕೈಕೊಟ್ಟಾರೆಂದು ಇನ್ನೊಂದು ಸಾಲು ಬರೆಸಿದ: ಎಂಟೂ ಮನೆಯವರು ಒಪ್ಪದ ಹೊರತು ಈ ಠರಾವನ್ನು ಬದಲಿಸಕೂಡದು. ಸುಧಾರಾಣಿ ದಾಖಲೆ ಪುಸ್ತಕದಲ್ಲಿ ಬರೆದುಕೊಂಡಳು. ಹಟವನ್ನು ಕಾಯಿದೆಯಾಗಿಸಿದ ರಾಜರ ಬಗ್ಗೆ ಆಕೆ ವರ್ಷಗಟ್ಟಲೆ ಪಾಠ ಮಾಡಿದ್ದಳು. ಅವರೆಲ್ಲರ ಕೊನೆಯೂ ಆಕೆಗೆ ಗೊತ್ತಿತ್ತು.

ಬೇಸಿಗೆ ಮುಗಿದು ಮಳೆ ಬಂದ ಮೇಲೆ ಜನರ ಉತ್ಸಾಹವೂ ತಣ್ಣಗಾಯಿತು. ಪಾವಟಿಗೆಯ ಮೆಟ್ಟಿಲುಗಳ ಕೆಳಗೆ ಗುಜರಿಯಿಂದ ತಂದ ಕಂಪ್ರೆಸರು ಮಾತ್ರ ಕುಳಿತಿತ್ತು. ಮಕ್ಕಳು ಅದರ ಮೇಲೆ ಕುದುರೆ ಆಟ ಆಡಿದರು, ಶಮಶೇರಸಾಬನ ಹೆಂಡತಿ ಮಹಮೂದಾಬೇಗಂ ಅದರ ಮೇಲೆ ಗೋಧಿ ಒಣಹಾಕಿದಳು. ಹೊಳಿಯವ್ವ ಪ್ರಭುಲಿಂಗಪ್ಪನಿಗೆ 'ಪಾತಾಳ ಸಾಹೇಬ್ರು' ಎಂದು ಹೆಸರಿಟ್ಟಳು. ಹೆಸರು ಒಂದೇ ವಾರದಲ್ಲಿ ಮೂರೂ ಮಹಡಿ ಇಳಿಯಿತು.

ಅಪಾರ್ಟ್‌ಮೆಂಟಿನ ಅಂಗಳದಲ್ಲಿ ಆಗಲೇ ಎರಡು ಬೋರುಗಳಿದ್ದವು, ಎರಡೂ ಒಣ. ನಲ್ಲಿಯಲ್ಲಿ ಎಂಟು ದಿನಕ್ಕೊಮ್ಮೆ ನೀರು ಬರುತ್ತಿದ್ದ ಆ ಊರಿನಲ್ಲಿ, ನೀರು ನೋಡುವ ಗುಡದಪ್ಪ ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ತೋರಿಸಿದ್ದ ಜಾಗಗಳು ಅವು. ಪೈಪ್ ಇಳಿಸಲು ಆ ಎರಡು ಸಿಕ್ಕವು; ಇನ್ನೊಂದು ಬೇಕಿತ್ತು. ಪ್ರಭುಲಿಂಗಪ್ಪ ಗುಡದಪ್ಪನನ್ನೇ ಕರೆಸಿದ.

"ನೀರು ಇಲ್ಲದ ಜಾಗಾ ತೋರಸು."

ಗುಡದಪ್ಪನಿಗೆ ಇಂಥ ಗಿರಾಕಿ ಹಿಂದೆಂದೂ ಸಿಕ್ಕಿರಲಿಲ್ಲ. ಕಸದ ಡಬ್ಬಿಯ ಪಕ್ಕ ನಿಂತು, "ಇಲ್ಲಿ ಹನಿ ಇಲ್ರಿ. ಬೇಕಾರ ಬರದು ಕೊಡ್ತೇನಿ," ಎಂದ.

"ನೀರಿದ್ದಲ್ಲಿ ಹೊಡದ್ರ ಈ ಮಂದಿ ಪೈಪ್ ಇಳಸಾಕ ಬಿಡೂದಿಲ್ಲ," ಎಂದು ಪ್ರಭುಲಿಂಗಪ್ಪ ಹೆಂಡತಿಗೆ ತನ್ನ ಜಾಣತನ ವಿವರಿಸಿದ.

ಮರುವರ್ಷ ಮಾರ್ಚಿನಲ್ಲಿ ಬೋರಿನ ಗಾಡಿ ಬಂತು. ನೂರ ಎಪ್ಪತ್ತು ಅಡಿಯವರೆಗೆ ಬರಿಯ ಬಿಳಿ ಧೂಳು. ಇಡೀ ಅಪಾರ್ಟ್‌ಮೆಂಟು ಹಿಟ್ಟಿನ ಗಿರಣಿಯಂತಾಗಿ, ಜನ ಕಿಟಕಿ ಹಾಕಿಕೊಂಡು ಪಾತಾಳ ಸಾಹೇಬರ ವಂಶವನ್ನು ನೆನೆಯುತ್ತಿದ್ದರು. ನೂರ ತೊಂಬತ್ತಕ್ಕೆ ಧೂಳು ರಾಡಿಯಾಯಿತು. ಇನ್ನೂರ ಹತ್ತಕ್ಕೆ ಬೋರಿನ ಬಾಯಿಂದ ನೀರು ಭುಸ್ಸೆಂದು ಎದ್ದು ಶಮಶೇರಸಾಬನ ಕಾರನ್ನು ತೊಳೆದು, ಎರಡನೆಯ ಮಹಡಿಯ ಒಣಬಟ್ಟೆಗಳನ್ನು ತೋಯಿಸಿತು.

"ಬಂದ್ ಮಾಡ್ರಲೇ! ಬಂದ್ ಮಾಡ್ರಿ!" ಎಂದು ಪ್ರಭುಲಿಂಗಪ್ಪ ಚೀರಿದ. ಜಿಲ್ಲೆಯಲ್ಲಿ ಬೋರಿಗೆ ನೀರು ಬಿದ್ದಾಗ ತಲೆಯ ಮೇಲೆ ಕೈಹೊತ್ತು ಕುಳಿತ ಮನುಷ್ಯ ಬಹುಶಃ ಅವನೊಬ್ಬನೇ. ಗುಡದಪ್ಪನ ಮಾತು ಮೂರನೆಯ ಸಲವೂ ಸುಳ್ಳಾಗಿತ್ತು.

ಏಳೂ ಮನೆಯವರು ಕೆಳಗಿಳಿದರು. ಹೊಳಿಯವ್ವ ಮಡಿಸಿಟ್ಟಿದ್ದ ಇಳಕಲ್ ಸೀರೆ ಉಟ್ಟು ಬಂದು ಬೋರಿಗೆ ಅರಿಷಿಣ ಕುಂಕುಮ ಹಚ್ಚಿ, ಕಾಯಿ ಒಡೆದಳು. ಮಹಮೂದಾಬೇಗಂ ಸಕ್ಕರೆ ಹಂಚಿದಳು. ಪ್ರಭುಲಿಂಗಪ್ಪನಿಗೂ ಒಂದು ಚಿಟಿಕೆ ಸಿಕ್ಕಿತು. ಅದಕ್ಕಿಂತ ಹೆಚ್ಚೇನೂ ಸಿಗಲಿಲ್ಲ.

ಮರುದಿನ ಸಭೆ. ಆರಿಂಚಿನ ತೂತಿನಲ್ಲಿ ನೀರೆತ್ತುವ ಮೋಟರು ಇಳಿಯಬೇಕು, ಇಲ್ಲವೇ ಪ್ರಭುಲಿಂಗಪ್ಪನ ಪೈಪು ಇಳಿಯಬೇಕು, ಎರಡಕ್ಕೂ ಜಾಗವಿಲ್ಲ.

"ಬೋರಿನಾಗ ನೀರಿದ್ರ ನಮ್ಮ ಪೈಪಿಗೆ ಇನ್ನೂ ಚಲೋ," ಎಂದ ಪ್ರಭುಲಿಂಗಪ್ಪ. "ಬಿಸಿ ಲಗೂ ಎಳಕೊಳ್ತೈತಿ. ಮೋಟರಿಗೆ ಬಾಜೂಕ ಇನ್ನೊಂದು ಹೊಡೀರಿ."

"ಬಾಜೂಕ ಚುಚ್ಚಿದ್ರ ಇದರ ಸೆಲಿ ಹೋಗ್ತೈತಿ! ಗಂಗವ್ವ ತಾನಾಗಿ ಬಂದಾಳ, ಕೆಣಕಬ್ಯಾಡ್ರಿ," ಎಂದಳು ಹೊಳಿಯವ್ವ.

ಶಮಶೇರಸಾಬ ಸಮಾಧಾನದ ದನಿಯಲ್ಲಿ ಹೇಳಿದ: "ಅಣ್ಣಾರು ಹುಚ್ಚಿನಾಗ ಆದ್ರೂ ಒಂದು ಚಲೋ ಕೆಲಸ ಮಾಡಿದ್ರು. ಇನ್ನ ಆ ಹುಚ್ಚು ಸಾಕು. ಮೋಟರಿಗೆ ಯಾರ್ಯಾರದು ಒಪ್ಪಿಗಿ ಐತಿ?"

ಎಲ್ಲರೂ ನಕ್ಕರು. ಏಳು ಕೈಗಳು ಎದ್ದವು.

ಸುಧಾರಾಣಿ ಬರೆಯುತ್ತಿದ್ದವಳು ಪೆನ್ನು ಕೆಳಗಿಟ್ಟಳು. ಆ ಹುಚ್ಚನ್ನು ಮೂವತ್ನಾಲ್ಕು ವರ್ಷ ಸಾಕಿದವಳು ತಾನು. ಉಪ್ಪು ಉಪ್ಪಿಟ್ಟು, ಹತ್ತಿಬೀಜ, ಅಮೋನಿಯಾ ವಾಸನೆಯ ಅಂಗಿಗಳು, ಎಲ್ಲವನ್ನೂ ಸಹಿಸಿದವಳು ತಾನು. ಆ ಪದದ ಮೇಲೆ ಇವರಿಗೆ ಯಾವ ಹಕ್ಕು?

"ನನ್ನ ಒಪ್ಪಿಗಿ ಇಲ್ಲ," ಎಂದಳು.

"ಏನ್ರೀ ಮ್ಯಾಡಮ್?"

"ಠರಾವು ಬದಲಸಲಿಕ್ಕೆ ಎಂಟೂ ಮನಿಯವರು ಒಪ್ಪಬೇಕು ಅಂತ ಬರದದ. ನೀವ ಸಹಿ ಮಾಡೀರಿ. ನಾ ಒಪ್ಪೂದಿಲ್ಲ. ಪೈಪ್ ಇಳೀತದ. ಮತ್ತ ಶಮಶೇರಸಾಬ್ರ, ನಮ್ಮ ಮನಿಯವರಿಗೆ ಹುಚ್ಚ ಅನಬೇಕಾದ್ರ ನಾ ಅಂತೀನಿ. ನೀವು ನಿಮ್ಮ ಮೆಣಸಿನಕಾಯಿ ನೋಡ್ಕೋರಿ."

ಎಲ್ಲರಿಗಿಂತ ಹೆಚ್ಚು ಬೆಚ್ಚಿದವನು ಪ್ರಭುಲಿಂಗಪ್ಪ.

ಆ ದಿನದಿಂದ ಆಕೆಯೊಂದಿಗೆ ಯಾರೂ ಮಾತಾಡಲಿಲ್ಲ. ಪಾವಟಿಗೆಯಲ್ಲಿ ಎದುರಾದ ಹೆಂಗಸರು ಗೋಡೆಯ ಸುಣ್ಣ ನೋಡಿದರು. ಹಾಲಿನವನಿಗೂ ಯಾರೋ ಏನೋ ಹೇಳಿಕೊಟ್ಟಿರಬೇಕು, ಹಾಲಿನ ಚೀಲವನ್ನು ಬಾಗಿಲಿಗೆ ಎಸೆದು ಹೋದ. ಬೋರಿನ ಬಾಯಿಗೆ ಒಂದು ಬುಟ್ಟಿ ಮುಚ್ಚಿತ್ತು. ಅದರ ಮೇಲೆ ಮಾಲೆ ಬಾಡಿತ್ತು. ಕೊಡ ಹೊತ್ತು ಮೂರು ಮಹಡಿ ಹತ್ತುತ್ತಿದ್ದ ಹೊಳಿಯವ್ವ ಒಂದು ದಿನ ಇವರ ಬಾಗಿಲ ಎದುರೇ ಕೊಡ ಇಳಿಸಿ, ಗಟ್ಟಿಯಾಗಿ ನಿಟ್ಟುಸಿರು ಬಿಟ್ಟು ಹೇಳಿದಳು: "ಪಾಪ, ಸಾಹೇಬ್ರಿಗೆ ಸುಮ್ನ ಅಂತಿದ್ವಿ ನಾವು. ಈ ಮನಿಯಾಗ ಹಟಮಾರಿ ಯಾರು ಅಂತ ಈಗ ತಿಳೀತು."

ಸುಧಾರಾಣಿ ಒಳಗಿನಿಂದ ಕೇಳಿಸಿಕೊಂಡಳು. ಪ್ರಭುಲಿಂಗಪ್ಪನೂ ಕೇಳಿಸಿಕೊಂಡ.

"ಬಿಟ್ಟುಬಿಡು ಸುಧಾ," ಎಂದ.

"ಏನು ಬಿಡೂದು? ಹತ್ತು ತಿಂಗಳು ನನ್ನ ತಲಿ ತಿಂದೀರಿ, ಭೂಮಿ ಹದ, ಭೂಮಿ ಹದ ಅಂತ. ಈಗ ಬಿಡ್ರಿ ಅಂತೀರಿ?"

"ಹೊಳಿಯವ್ವನ ಮಣಕಾಲು ನೋಡೀಯೇನು? ಸೊಟ್ಟ ನಡೀತಾಳ."

"ನಿಮಗ ಪಾತಾಳ ಸಾಹೇಬ್ರು ಅಂದಾಕಿ ಆಕಿನ."

"ಅನ್ನಲಿ ಬಿಡು. ನೀ ಬರೇ ಹಟಾ ಮಾಡಾಕತ್ತೀದಿ."

"ನಾನು? ಹಟಾ?" ಸುಧಾರಾಣಿ ಎದ್ದುನಿಂತಳು. "ಪೈಪ್ ಇಳಿಯೂತನಕ ನಾ ಬಿಡೂದಿಲ್ಲ," ಎಂದು ಹೇಳಿ ಅಡಿಗೆಮನೆಗೆ ಹೋದಳು.

ಮರುದಿನ ಬೆಳಿಗ್ಗೆ ಪ್ರಭುಲಿಂಗಪ್ಪ ಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟು, ಆಕೆಯ ಮೇಜಿನ ಮೇಲೆ ಒಂದು ಹಾಳೆ ಇಟ್ಟ.

'ಅಧ್ಯಕ್ಷರಿಗೆ. ನನ್ನ ಯೋಜನೆಯ ಲೆಕ್ಕದಲ್ಲಿ ತಪ್ಪಾಗಿದೆ. ತಪ್ಪು ನನ್ನದೇ. ಈ ಜಾಗದಲ್ಲಿ ಯಂತ್ರ ನಡೆಯಲಾರದು. ಆದ್ದರಿಂದ ಯೋಜನೆಯನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ.' ಕೆಳಗೆ ಪೂರ್ತಿ ಸಹಿ.

ಸುಧಾರಾಣಿ ಅದನ್ನು ಎರಡು ಸಲ ಓದಿದಳು. ಯೋಜನೆಯೇ ಇಲ್ಲವೆಂದ ಮೇಲೆ ಠರಾವು ಎಲ್ಲಿಯದು, ಆಕೆಯ ವಿರೋಧ ಎಲ್ಲಿಯದು? ಸಂಜೆಯೊಳಗೆ ಮೋಟರು ಇಳಿಯುತ್ತದೆ. ಇಡೀ ಹಾವೇರಿಯಲ್ಲಿ ಭೂಮಿಯ ತಂಪಿನ ಪರವಾಗಿ ಉಳಿದವಳು ತಾನೊಬ್ಬಳೇ ಆಗುತ್ತಾಳೆ.

ಒಂದು ವಿಷಯ ಆಕೆ ಯಾರಿಗೂ ಹೇಳಿರಲಿಲ್ಲ. ಗಂಡನ ಮುಖಕ್ಕೆ ಹಿಡಿಯಲು ಒಂದಾದರೂ ತಪ್ಪು ಸಿಗಲಿ ಎಂದು ಅವನ ಲೆಕ್ಕದ ನೋಟುಬುಕ್ಕನ್ನು ಕದ್ದು ಒಯ್ದು ಕಾಲೇಜಿನ ಭೌತಶಾಸ್ತ್ರದವರಿಗೆ ತೋರಿಸಿದ್ದಳು. ಅವರು ವಾರವಿಡೀ ನೋಡಿ, ಒಂದೂ ತಪ್ಪು ಸಿಗದೆ ಹಾಗೆಯೇ ಹಿಂದಿರುಗಿಸಿದ್ದರು.

"ಇದು ಸುಳ್ಳು," ಎಂದಳು. "ನಿಮ್ಮ ಲೆಕ್ಕ ಸರಿ ಅದ."

ಪ್ರಭುಲಿಂಗಪ್ಪ ಸಂಘದ ಶಿಕ್ಕಾದ ಡಬ್ಬಿ ತೆರೆದು ಆಕೆಯ ಕೈಯ ಹತ್ತಿರ ಸರಿಸಿದ.

"ಗೊತ್ತೈತಿ," ಎಂದ. "ಶಿಕ್ಕಾ ಹೊಡಿ."