ಹೂಂಗುಟ್ಟುವವನ ಇಂಗ್ಲಿಷು

ಇಂಡಿ ತಾಲ್ಲೂಕಿನ ಕಡೆ ಯಾರಾದರೂ ಸುದ್ದಿ ಹೇಳತೊಡಗಿದರೆ ಎದುರಿಗೆ ಕೂತವರು ಹೂಂಗುಟ್ಟಬೇಕು. ಹೂಂ ನಿಂತರೆ ಸುದ್ದಿಯೂ ನಿಲ್ಲುತ್ತದೆ, "ಕೇಳಾಕತ್ತಿಯೋ, ನಿದ್ದಿ ಮಾಡಾಕತ್ತಿಯೋ?" ಎಂದು ಬೈಗುಳವೂ ಬರುತ್ತದೆ. ಈ ವಿದ್ಯೆಯಲ್ಲಿ ಮಹಮ್ಮದಹನೀಫನನ್ನು ಮೀರಿಸುವವರು ಇಡೀ ತಾಲ್ಲೂಕಿನಲ್ಲಿ ಇರಲಿಲ್ಲ. ದುಃಖದ ಮಾತಿಗೆ ಒಂದು ಹೂಂ, ಸೊಸೆಯ ಮೇಲಿನ ದೂರಿಗೆ ಇನ್ನೊಂದು ಹೂಂ, ಸುಳ್ಳೆಂದು ಗೊತ್ತಿದ್ದರೂ ಕೇಳಲು ಹಿತವಾದ ಸುಳ್ಳಿಗೆ ಮೆತ್ತಗಿನ ಮತ್ತೊಂದು. ಅವನು ಖಾಸಗಿ ಆಸ್ಪತ್ರೆಯಲ್ಲಿ ನರ್ಸ್. ಡಾಕ್ಟರರ ಗುಳಿಗೆಯಿಂದ ಹೋಗದ ಬ್ಯಾನಿ ಹನೀಫನ ಹೂಂನಿಂದ ಹೋಗುತ್ತದೆಂದು ತಾಂಬಾ ಊರಿನ ಮುದುಕಿಯರು ಆಣೆ ಮಾಡಿ ಹೇಳುತ್ತಿದ್ದರು.

ಆದರೆ ನೀನೇ ನಾಲ್ಕು ಮಾತಾಡಪ್ಪಾ ಅಂದರೆ ಮುಗಿಯಿತು, ಹನೀಫನ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಹೆಂಡತಿ ಶಬಾನಾ ಮಾತಿನ ಮಲ್ಲಿ. ಅವಳು ಆಡುವುದು, ಇವನು ಹೂಂ ಅನ್ನುವುದು, ಹೀಗೆ ಸಂಸಾರ ಸುಸೂತ್ರವಾಗಿ ಸಾಗಿತ್ತು. ಅವಳೂ ನರ್ಸೇ. ಹೋದ ವರ್ಷ ಇಂಗ್ಲಿಷ್ ಪರೀಕ್ಷೆಯನ್ನು ಒಂದೇ ಏಟಿಗೆ ಪಾಸು ಮಾಡಿ ಐರ್ಲೆಂಡಿನ ಆಸ್ಪತ್ರೆಗೆ ಹೋದಳು. ಹನೀಫನೂ ಅಲ್ಲಿಗೆ ಹೋಗಬೇಕಾದರೆ ಅದೇ ಪರೀಕ್ಷೆ ಪಾಸಾಗಬೇಕು. ಓದುವುದು, ಬರೆಯುವುದು ಆಗಿತ್ತು. ಕೇಳುವುದರಲ್ಲಿ ಪೂರ್ತಿ ಅಂಕ ಬಂದಿತ್ತೆಂದು ಬೇರೆ ಹೇಳಬೇಕಿಲ್ಲ. ಉಳಿದದ್ದು ಮಾತಾಡುವುದೊಂದೇ. ಅವರು ಕೊಟ್ಟ ವಿಷಯದ ಮೇಲೆ ಎರಡು ನಿಮಿಷ ನಿಲ್ಲದೆ ಮಾತಾಡಬೇಕು. ಎರಡು ಸಲ ಕೂತು, ಎರಡೂ ಸಲ ಮೂರು ವಾಕ್ಯ ಹೇಳಿ ನಗುತ್ತ ಕೂತುಬಿಟ್ಟಿದ್ದ.

ಇವತ್ತು ಮೂರನೆಯ ಸಲ. ಮಧ್ಯಾಹ್ನ ಊಟದ ನಂತರ, ಮನೆಯಿಂದಲೇ, ಲ್ಯಾಪ್‌ಟಾಪಿನ ಎದುರು. ಬೆಳಿಗ್ಗೆ ಎದ್ದಕೂಡಲೆ ಶಬಾನಾಳ ಫೋನು.

"ಈದಿಗೆ ನೀವು ಇಲ್ಲಿರಬೇಕು ನೋಡ್ರಿ. ಒಬ್ಬಾಕಿನಽ ಸುರಕುಂಬಾ ಪಾಯಸ ಮಾಡಿ ಒಬ್ಬಾಕಿನಽ ಕುಡಿಯೂದು ನನ್ನಿಂದ ಆಗೂದಿಲ್ಲ."

"ಹೂಂ."

"ಹೂಂ ಅನಬ್ಯಾಡ್ರಿ! ಮಾತಾಡ್ರಿ!"

"ಹೂಂ," ಅಂದ ಹನೀಫ.

ಅಭ್ಯಾಸ ಮಾಡಲೆಂದು ಮಾಳಿಗೆ ಹತ್ತಿದ. ಪಕ್ಕದ ಮಾಳಿಗೆಯಿಂದ ರಸೂಲಸಾಬರು ದಾಟಿ ಬಂದರು. ರಿಟೈರಾದ ಬಸ್ ಕಂಡಕ್ಟರ್. ನೌಕರಿ ಹೋದರೂ ಕೊರಳಿನ ಸೀಟಿ ಹೋಗಿರಲಿಲ್ಲ.

"ಟೈಮಿನ ಚಿಂತಿ ನನಗ ಬಿಡು. ನಾ ಸೀಟಿ ಹೊಡದ ಮ್ಯಾಲೆ ಚಾಲೂ ಮಾಡು, ಮತ್ತ ಹೊಡದಾಗ ನಿಂದರಸು. ವಿಷಯ ಏನಪಾ ಅಂದ್ರ, ನೀ ಮಾಡಿದ ಒಂದು ಪ್ರಯಾಣ. ರೈಟ್!"

ಸೀಟಿ ಊದಿದರು. ಹನೀಫ ಕಣ್ಣು ಮುಚ್ಚಿ, "ಒನ್ ಡೇ ಐ ವೆಂಟ್ ಟು ಸಿಂದಗಿ ಬೈ ಬಸ್," ಅಂದ.

"ಯಾವ ಬಸ್ಸು?" ರಸೂಲಸಾಬರ ಕಿವಿ ನೆಟ್ಟಗಾದವು.

"ಮುಂಜಾನಿದ್ರಿ ಚಾಚಾ."

"ಮುಂಜಾನಿದು ಅಂದ್ರ ನಂದಽ ಗಾಡಿ! ಒಮ್ಮೆ ಏನಾತಂದ್ರ, ಒಬ್ಬಾಂವ ಹೋತಿನ ಮರಿಗೆ ತಲಿ ಪಟಗಾ ಸುತ್ತಿ ಕೂಸಿನಂಗ ತೊಡಿ ಮ್ಯಾಲೆ ಮಲಗಿಸಿಕೊಂಡಿದ್ದ. ಟಿಕೆಟ್ ತಪ್ಪಸಾಕ..."

"ಹೂಂ," ಅಂದ ಹನೀಫ. ಆಮೇಲೆ ತಡೆಯಲಾಗದೆ, "ಮುಂದೇನಾತ್ರಿ?" ಎಂದೂ ಕೇಳಿದ. ಕೇಳಬಾರದಿತ್ತು. ಆದರೆ ಅವನಿಗೆ ಖರೇನೇ ತಿಳಿಯಬೇಕಿತ್ತು.

ಮರಿ ಹೊರಗೆ ಬಂದು, ಡ್ರೈವರನ ಟೋಪಿ ತಿಂದು, ಬಸ್ಸು ಕೆಟ್ಟು ನಿಂತು, ಪ್ರಯಾಣಿಕರೆಲ್ಲ ಇಳಿದು ನೂಕಿದ ಮೇಲೆ ರಸೂಲಸಾಬರು ಜೋರಾಗಿ ಸೀಟಿ ಊದಿದರು. "ಭಾಳ ಚಲೋ ಆತು ನೋಡು!"

"ನಾ ಏನೂ ಮಾತಾಡಲೇ ಇಲ್ಲಲ್ರಿ ಚಾಚಾ."

"ಇಲ್ಲ ಖರೆ. ಆದ್ರ ಎಲ್ಲೂ ತಡವರಿಸಲಿಲ್ಲ."

ಸೀಟಿಯ ಗದ್ದಲಕ್ಕೆ ಎದುರು ಮನೆಯ ಸಿದ್ದವ್ವ, ಮೊಣಕಾಲು ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಶಪಿಸುತ್ತ ಮೇಲೆ ಬಂದಳು. ವಿಷಯ ತಿಳಿದು ರಸೂಲಸಾಬರನ್ನು ಆಚೆ ಸರಿಸಿದಳು.

"ಸೀಟಿ ಊದಿದ್ರ ಮಾತು ಬರತಾವೇನ್ರಿ ಸಾಬರ? ಇವನ ರೋಗ ನನಗ ಗೊತ್ತೈತಿ. ಊರ ಮಂದಿಗೆಲ್ಲಾ ಇಂವ ಹೂಂ ಅಂತಾನ, ಇಂವಗ ಹೂಂ ಅನ್ನವರು ಯಾರದಾರ? ನಾ ಅಂತೇನಿ. ನೀ ಹೇಳಪಾ."

"ನಿಮಗ ಇಂಗ್ಲಿಷ್ ಬರೂದಿಲ್ಲಲ್ರಿ ಆಯಿ."

"ಹೂಂ ಅನ್ನಾಕ ಇಂಗ್ಲಿಷ್ ಯಾಕ ಬೇಕೋ?"

ಆಶ್ಚರ್ಯವೆಂದರೆ ಮದ್ದು ಕೆಲಸ ಮಾಡಿತು. "ಐ ವರ್ಕ್ ಇನ್ ಎ ಹಾಸ್ಪಿಟಲ್." "ಹೂಂ." "ಮೆನಿ ಪೀಪಲ್ ಕಮ್ ಫ್ರಮ್ ವಿಲೇಜಸ್." "ಹೂಂ." ಹನೀಫನ ಮುಖ ಅರಳಿತು. ಗಾಡಿ ಚಕ್ರಕ್ಕೆ ಎಣ್ಣೆ ಬಿಟ್ಟಂತೆ ವಾಕ್ಯಗಳು ಉರುಳತೊಡಗಿದವು. "ದಿ ಡಾಕ್ಟರ್ ಈಸ್ ವೆರಿ ಗುಡ್," ಅಂದ.

"ಡಾಕ್ಟರ ಅಂದಿ? ಅವನ ಹೆಸರ ಎತ್ತಬ್ಯಾಡ! ಈ ಮೊಣಕಾಲು ನೋಡು ಅಂದ್ರ ಆ ಮೊಣಕಾಲು ಒತ್ತಿ ನೋಡಿದ..."

"ಹೂಂ," ಅಂದ ಹನೀಫ.

ಅಷ್ಟರಲ್ಲಿ ತಾಯಿ ಅಖ್ತರಬೇಗಂ ಚಹಾ ತಂದಳು. ಮೊಣಕಾಲಿನ ಮಾತು ಕೇಳಿ ತನ್ನ ನಾದಿನಿಯ ಸೊಂಟದ ಸುದ್ದಿ ತೆಗೆದಳು. ಎಲ್ಲರ ಕಥೆ ಮುಗಿಯುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ಎಲ್ಲರ ಮನಸ್ಸೂ ಹಗುರಾಗಿತ್ತು, ಹನೀಫನದೊಂದು ಬಿಟ್ಟು. ಅವನು ತಲೆ ತಗ್ಗಿಸಿ, "ಅಮ್ಮಾ, ಶಬಾನಾ ಕಾಯಾಕತ್ತಾಳ," ಅಂದ.

ಅಖ್ತರಬೇಗಂ ಬಟ್ಟಲು ಕೆಳಗಿಟ್ಟಳು. "ಸಂಜಿತನಕ ನನ್ನ ಮಗನ ಮುಂದ ಯಾರೂ ಬಾಯಿ ತೆರಿಬ್ಯಾಡ್ರಿ! ಆಣಿ ಐತಿ."

ಎಲ್ಲರೂ ತಪ್ಪಿತಸ್ಥರಂತೆ ಇಳಿದು ಹೋದರು. ರಸೂಲಸಾಬರು ಬಾಯಿ ತೆರೆಯದಿರಲೆಂದು ಸೀಟಿಯನ್ನೇ ಕಚ್ಚಿಕೊಂಡರು. ಪ್ರತಿ ಉಸಿರಿಗೂ ಅದು ಸಣ್ಣಗೆ ಕೂಗುತ್ತಿತ್ತು.

ಹಿತ್ತಿಲಲ್ಲಿ ಉಳಿದದ್ದು ಕಟ್ಟಿಹಾಕಿದ ಆಡು ಒಂದೇ. ಹನೀಫ ಮಾಳಿಗೆಯಿಂದ ಇಳಿದು ಬಂದು ಅದರ ಎದುರು ಕೂತ. ಆಡು ಮೆಲುಕು ಹಾಕುತ್ತ ತಲೆ ಆಡಿಸುತ್ತಿತ್ತು. ನೋಡಿದರೆ "ಹೂಂ, ಹೂಂ" ಅಂದಂತೆಯೇ ಇತ್ತು. ಅದಕ್ಕೆ ಹೇಳಿಕೊಳ್ಳಲು ಸ್ವಂತದ ಸುದ್ದಿಯೂ ಇರಲಿಲ್ಲ. ಹನೀಫ ಮಾತಾಡಿದ. ಆಸ್ಪತ್ರೆಯ ಬಗ್ಗೆ, ಗೋಳಸಂಗಿಯ ಅತ್ತೆ ಮನೆಯ ಬಗ್ಗೆ, ಶಬಾನಾಳ ಬಗ್ಗೆ, ತಪ್ಪೋ ಒಪ್ಪೋ, ನಿಲ್ಲದೆ ಮಾತಾಡಿದ. ಗೋಡೆಯಾಚೆಯಿಂದ ರಸೂಲಸಾಬರ ಸೀಟಿ ಮೊಳಗಿತು. ಎರಡು ನಿಮಿಷ! ಅಖ್ತರಬೇಗಂ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಆಡನ್ನ ಪರೀಕ್ಷಾದಾಗ ಕೂಡಸ್ರಿ," ಅಂದಳು ಸಿದ್ದವ್ವ, ಆಣೆ ಮರೆತು.

"ಕೋಣ್ಯಾಗ ಬ್ಯಾರೆ ಮನಷ್ಯಾರು ಇರಬಾರದಂತ ಕಾನೂನು ಐತ್ರಿ," ಅಂದ ಹನೀಫ.

"ಆಡು ಮನಷ್ಯಾ ಯಾವಾಗ ಆತು?"

ಕೊನೆಗೆ ಆಡನ್ನು ಕಿಟಕಿಯ ಹೊರಗೆ, ಲ್ಯಾಪ್‌ಟಾಪಿನ ಹಿಂದೆ ಹನೀಫನಿಗಷ್ಟೇ ಕಾಣುವಂತೆ ಕಟ್ಟಿದರು.

ಪರೀಕ್ಷೆ ಶುರುವಾಯಿತು. ಪರದೆಯ ಮೇಲೆ ಬೆಳ್ಳಿಕೂದಲಿನ ಮೇಡಂ ಒಬ್ಬರು ಬಂದರು. ನಿಮಗೆ ಗೊತ್ತಿರುವ ವಯಸ್ಸಾದವರೊಬ್ಬರ ಬಗ್ಗೆ ಹೇಳಿ ಎಂಬ ವಿಷಯ ಬಂತು. ಹನೀಫನಿಗೆ ಹಬ್ಬವಾಯಿತು. ಕಿಟಕಿಯತ್ತ ನೋಡಿದ. ಆಡು ತಲೆ ಆಡಿಸಿತು.

"ಸಿದ್ದವ್ವ ಈಸ್ ಮೈ ನೇಬರ್. ಶಿ ಹ್ಯಾಸ್ ಪೇನ್ ಇನ್ ಹರ್ ನೀ. ಇನ್ ವಿಂಟರ್ ಶಿ ಕೆನಾಟ್ ಕ್ಲೈಂಬ್ ಸ್ಟೆಪ್ಸ್..."

ಆಗ ಆಡಿಗೆ ಸಾಕಾಯಿತೇನೋ, ಕಾಲು ಮಡಚಿ ಮಲಗಿಬಿಟ್ಟಿತು. ಕಿಟಕಿ ಖಾಲಿ. ಹನೀಫನ ಬಾಯಿಯೂ ಖಾಲಿ. ಗಾಬರಿಯಿಂದ ಪರದೆ ನೋಡಿದರೆ ಮೇಡಂ ಕೈ ತನ್ನಷ್ಟಕ್ಕೆ ಮೇಜಿನ ಕೆಳಗೆ ಹೋಗಿ ಏನನ್ನೋ ಒತ್ತಿಕೊಳ್ಳುತ್ತಿತ್ತು. ನರ್ಸಿನ ಕಣ್ಣಿಗೆ ಅಷ್ಟು ಸಾಕಾಗಿತ್ತು.

"ಮೇಡಂ, ಯೂ ಆಲ್ಸೊ?"

ಮೇಡಂ ಗಡಿಯಾರ ನೋಡಿದರು. ಅತ್ತಿತ್ತ ನೋಡಿದರು. ನಿಯಮದ ಪ್ರಕಾರ ಅವರು ಸುಮ್ಮನಿರಬೇಕಿತ್ತು. "ಎಡಗಾಲು," ಅಂದರು ಇಂಗ್ಲಿಷಿನಲ್ಲಿ, ಮೆಲ್ಲಗೆ.

"ಹೂಂ," ಅಂದ ಹನೀಫ. ಅವನ ಅತ್ಯುತ್ತಮ ಹೂಂ ಅದು.

ಕಟ್ಟೆ ಒಡೆಯಿತು. ಮಂಜು ಬಿದ್ದ ದಿನ ಜಾರಿದ್ದು, ಡಾಕ್ಟರು ಮುಖ ಎತ್ತಿ ನೋಡದೆ ಗುಳಿಗೆ ಬರೆದದ್ದು, ಮಗಳು ಫೋನು ಮಾಡದ್ದು, ಮೇಲಿನ ಕೋಣೆಗೆ ಹತ್ತಲಾಗದೆ ಸೋಫಾದ ಮೇಲೆ ಮಲಗುವುದು, ಎಲ್ಲ ಬಂತು. ಹನೀಫ ಎಲ್ಲಿ ಬೇಕೋ ಅಲ್ಲಿ ಹೂಂ ಅಂದ, ಒಮ್ಮೆ "ದೆನ್, ಮೇಡಂ?" ಅಂದ. ಗಂಟೆ ಬಾರಿಸಿದಾಗ ಮೇಡಂ ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಇಷ್ಟು ಒಳ್ಳೆಯ ಮಾತುಕತೆ ಎಷ್ಟೋ ದಿನದಿಂದ ಆಗಿರಲಿಲ್ಲವೆಂದು ಮೂರು ಸಲ ಥ್ಯಾಂಕ್ಸ್ ಹೇಳಿದರು.

ಹನೀಫ ಹೊರಗೆ ಬಂದು ಅದನ್ನೇ ಹೇಳಿದ. ರಸೂಲಸಾಬರು ಸೀಟಿ ಊದಿದರು, ಅಖ್ತರಬೇಗಂ ಓಣಿಗೆಲ್ಲ ಪೇಡೆ ಹಂಚಿದಳು, ಆಡಿಗೂ ಒಂದು ಸಿಕ್ಕಿತು.

ಸಂಜೆಗೆ ಮೊಬೈಲಿನಲ್ಲಿ ಉತ್ತರ ಬಂತು. ಧ್ವನಿಮುದ್ರಣದಲ್ಲಿ ಅಭ್ಯರ್ಥಿಯ ಮಾತು ಅಂಕ ಕೊಡುವಷ್ಟು ಇಲ್ಲ. ಮತ್ತೊಮ್ಮೆ ಪರೀಕ್ಷೆಗೆ ಕೂರಬೇಕು. ಮುಂದಿನ ತಾರೀಖು ಈದ್ ಮುಗಿದ ಮೇಲೆ.

ಸಿದ್ದವ್ವ ಕೇಳಿದಳು: "ಹೋಗ್ಲಿ ಬಿಡು ತಮ್ಮಾ. ಆ ಮೇಡಂಗ ಮೊಣಕಾಲಿಗೆ ಉಪ್ಪಿನ ಶಾಖ ಕೊಟ್ಟುಕೋ ಅಂತರೆ ಹೇಳಿದಿಲ್ಲೋ?"

ಹನೀಫ ಮಾಳಿಗೆ ಹತ್ತಿ ಶಬಾನಾಳಿಗೆ ಫೋನು ಹಚ್ಚಿದ. ಅವನಿಗೆ ದುಃಖವಾಗಿತ್ತು, ಸಿಟ್ಟೂ ಬಂದಿತ್ತು. ಸೀಟಿಯಿಂದ ಹಿಡಿದು ಹೋತಿನ ಮರಿ, ಮೊಣಕಾಲು, ಆಡು, ಮೇಡಂ, ಪೇಡೆ, ಈದಿನ ತನಕ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದ. ಆ ಕಡೆಯಿಂದ ಸದ್ದೇ ಇಲ್ಲ.

"ಕೇಳಾಕತ್ತಿಯೇನು?"

"ಹೂಂ." ಧ್ವನಿ ಒದ್ದೆಯಾಗಿತ್ತು. "ಎಷ್ಟು ಚಂದ ಮಾತಾಡಿದ್ರಿ! ಎರಡ ನಿಮಿಷ ಎಲ್ಲಿ, ಹತ್ತ ನಿಮಿಷ ಆಗಿರಬೇಕು. ಇದನ್ನಽ ಅಲ್ಲಿ ಆಡಾಕ ಏನಾಗಿತ್ತು ನಿಮಗ?"

"ಅಲ್ಲಿ ಹೂಂ ಅನ್ನಾಕ ನೀ ಇದ್ದಿಲ್ಲ."

ಶಬಾನಾ ಮೂಗು ಒರೆಸಿಕೊಂಡು ಶುರುಮಾಡಿದಳು: "ಈಗ ನಾ ಹೇಳತೇನಿ ಕೇಳ್ರಿ. ಮುಂದಿನ ಪರೀಕ್ಷಾದಾಗ ನೀವು ಯಾರ ಮೊಣಕಾಲೂ ನೋಡಬಾರದು, ಯಾರಿಗೂ ಹೂಂ ಅನಬಾರದು, ತಿಳೀತೇನು?"

"ಹೂಂ," ಅಂದ ಹನೀಫ.