ಖಾಯಂ ಮುಚ್ಚಿದೆ

ಬೆಳಿಗ್ಗೆ ಹತ್ತೂ ಕಾಲಿಗೆ ಫೋನು ಹೊಡೆದುಕೊಂಡಾಗ ಸೂಜಿಯಣ್ಣ ಒಂದು ಹಳೆಯ ಹೊಲಿಗೆ ಯಂತ್ರವನ್ನು ಮಗುಚಿ ಮಲಗಿಸಿ ಅದರ ಹೊಟ್ಟೆಗೆ ಎಣ್ಣೆ ಬಿಡುತ್ತಿದ್ದ.

"ಯಜಮಾನ್ರೇ, ಮಿಷಿನ್ ರಿಪೇರಿಯವರು ನೀವೇ ಅಲ್ವಾ?" ಹೆಂಗಸಿನ ದನಿ. "ಅಂಗಡಿ ಮುಚ್ಚಿಬಿಟ್ರಂತೆ. ಯಾಕೆ, ಹುಷಾರಾಗಿದ್ದೀರಾ?"

"ಮುಚ್ಚಿಲ್ಲಮ್ಮ, ತೆಗೆದಿದೆ. ಒಳಗೇ ಕೂತಿದ್ದೀನಿ."

"ಇಲ್ಲ, ಮುಚ್ಚಿದೆ," ಎಂದಿತು ದನಿ, ಹಟ ಮಾಡುವ ಮಗುವಿಗೆ ತಿಳಿಹೇಳುವ ಹಾಗೆ. "ಮ್ಯಾಪಲ್ಲಿ ಬರ್ತಾ ಇದೆ. ಕೆಂಪಕ್ಷರದಲ್ಲಿ ‘ಖಾಯಂ ಮುಚ್ಚಿದೆ’ ಅಂತ ಹಾಕಿದ್ದಾರೆ."

ಸೂಜಿಯಣ್ಣ ಎಣ್ಣೆ ಡಬ್ಬಿಯನ್ನು ಕೈಯಲ್ಲಿ ಹಿಡಿದೇ ಬೀದಿಗೆ ಬಂದ. ತಿರುವಿನಲ್ಲಿ ಒಂದು ಕಾರು ನಿಂತಿತ್ತು. ಹಿಂದಿನ ಸೀಟಿನಲ್ಲಿ ಹೊಲಿಗೆ ಯಂತ್ರ, ಮುಂದಿನ ಸೀಟಿನಲ್ಲಿ ಆ ಹೆಂಗಸು. ಅವನು ಡಬ್ಬಿ ಎತ್ತಿ ಬೀಸಿದ. ಆಕೆ ಅವನನ್ನು ನೋಡಿದಳು, ಫೋನು ನೋಡಿದಳು, ಮತ್ತೆ ಅವನನ್ನು ನೋಡಿದಳು. ಇಬ್ಬರಲ್ಲಿ ಯಾರ ಮುಖದಲ್ಲಿ ಹೆಚ್ಚು ಸತ್ಯ ಇದೆ ಎಂದು ತೂಗುವವಳಂತೆ ಅರೆಕ್ಷಣ ಕೂತಳು. ಫೋನೇ ಗೆದ್ದಿತು.

"ಬೇಡ ಬಿಡಿ. ಇನ್ನೊಂದು ಅಂಗಡಿ ತೋರಿಸ್ತಾ ಇದೆ, ಎರಡು ಬೀದಿ ಆಚೆ. ಅಲ್ಲೇ ಕೊಡ್ತೀನಿ," ಎಂದಳು. ಕಾರು ತಿರುಗಿತು.

ಇಪ್ಪತ್ತೆರಡು ವರ್ಷದಿಂದ ಸೂಜಿಯಣ್ಣ ಅದೇ ಅಂಗಡಿಯಲ್ಲಿ ಅದೇ ಮಣೆಯ ಮೇಲೆ ಕೂತವನು. ಅವನ ನಿಜವಾದ ಹೆಸರು ಕರೆಂಟು ಬಿಲ್ಲಿಗೆ ಮಾತ್ರ ಗೊತ್ತಿತ್ತು. ಜ್ವರ ಬಂದ ದಿನವೂ ಬಾಗಿಲು ತೆಗೆದು, ಯಂತ್ರಗಳ ಪಕ್ಕದಲ್ಲೇ ಮಲಗಿದ್ದವನು. ಅದರಲ್ಲೂ ಇವತ್ತು ಮುಚ್ಚುವ ಮಾತೇ ಇರಲಿಲ್ಲ. ಊರಾಚೆಯ ಹೊಲಿಗೆ ಶಾಲೆಯ ನಲವತ್ತು ಯಂತ್ರಗಳನ್ನು ವರ್ಷವಿಡೀ ನೋಡಿಕೊಳ್ಳುವ ಕೆಲಸ ಕೊಡುವುದಕ್ಕೆ ಅಲ್ಲಿನ ಪ್ರಿನ್ಸಿಪಾಲ್ ಮೇಡಂ ಸಂಜೆ ನಾಲ್ಕಕ್ಕೆ ಬರುವವರಿದ್ದರು.

ಅವನು ಪಕ್ಕದ ಝೆರಾಕ್ಸ್ ಅಕ್ಕನ ಹತ್ತಿರ ಓಡಿದ. ಬೀದಿಯಲ್ಲಿ ಯಾರ ಫೋನು ಕೆಟ್ಟರೂ ಅವಳೇ ವೈದ್ಯೆ.

"ಅಯ್ಯೋ, ಹೌದಲ್ಲ," ಎಂದಳು ಅಕ್ಕ, ಮ್ಯಾಪು ತೆರೆದು. "ನಿನ್ನೆಯಿಂದ ಹೀಗಿದೆ. ನೀವು ಯಾಕೆ ಹೇಳಲೇ ಇಲ್ಲ, ಮುಚ್ಚಿದ್ದು?"

"ಅಕ್ಕ, ನಾನು ನಿನ್ನ ಮುಂದೆ ನಿಂತಿದ್ದೀನಿ."

"ಅದು ಸರಿ ಅನ್ನಿ," ಎಂದು ಅವಳು ಸ್ವಲ್ಪ ಮನಸ್ಸಿಲ್ಲದೆಯೇ ಒಪ್ಪಿಕೊಂಡಳು. ‘ಈ ಅಂಗಡಿ ತೆರೆದಿದೆ’ ಎಂದು ಮ್ಯಾಪಿನವರಿಗೆ ಬರೆದು ಕಳಿಸಿದಳು. ಎರಡೇ ನಿಮಿಷದಲ್ಲಿ ಉತ್ತರ ಬಂತು. ಅಕ್ಕ ಓದಿದಳು: "ನಿಮ್ಮ ಸಲಹೆಗೆ ಧನ್ಯವಾದ. ಆದರೆ ಈ ಸ್ಥಳವನ್ನು ಚೆನ್ನಾಗಿ ಬಲ್ಲ, ನಂಬಲರ್ಹ ವ್ಯಕ್ತಿಯೊಬ್ಬರು ಮುಚ್ಚಿದೆ ಎಂದು ಪದೇ ಪದೇ ಖಚಿತಪಡಿಸಿದ್ದಾರೆ."

"ಯಾರದು ಆ ನಂಬಲರ್ಹ?" ಸೂಜಿಯಣ್ಣ ಹಲ್ಲು ಕಡಿದ.

"ಹೆಸರು ಹೇಳಲ್ಲ ಅವರು. ಮೇಲಿನವರಿಗೆ ಅರ್ಜಿ ಹಾಕ್ತೀನಿ, ಸಂಜೆಯೊಳಗೆ ನೋಡ್ತಾರಂತೆ. ಫೋಟೊ ಬೇಕಂತೆ. ಹೋಗಿ, ಬಾಗಿಲ ಹತ್ತಿರ ನಿಂತ್ಕೊಳ್ಳಿ."

ಅಷ್ಟರಲ್ಲಿ ಎದುರಿನ ಕನ್ನಡಕದಂಗಡಿ ಯಜಮಾನರು ಬೀದಿ ದಾಟಿ ಬಂದರು. ಅವರ ಕೈಯಲ್ಲಿ ಅಳತೆ ಟೇಪು ಇತ್ತು. ಸೂಜಿಯಣ್ಣನ ಅಂಗಡಿಯ ಗೋಡೆಯನ್ನು ಈ ಕಡೆಯಿಂದ ಆ ಕಡೆಗೆ ಅಳೆಯುತ್ತ, "ಪಾಪ, ಹೀಗಾಗಬಾರದಿತ್ತು. ಇಲ್ಲೊಂದು ಕನ್ನಡಿ ಹಾಕಬಹುದು," ಎಂದರು. ಅಂಗಡಿ ಖಾಲಿಯಾಗಿಲ್ಲ ಎಂದು ಗೊತ್ತಾದ ಮೇಲೆ ಅವರಿಗೆ ನಾಚಿಕೆಯಾಯಿತು. ನಾಚಿಕೆಯಾದ ಮನುಷ್ಯ ಉಪಕಾರಕ್ಕೆ ಹೊರಟರೆ ತಡೆಯುವವರು ಯಾರು?

"ಬರೀ ಫೋಟೊ ಸಾಲದು," ಎಂದರು. "ಇವತ್ತಿನದು ಅಂತ ಗೊತ್ತಾಗಬೇಕು. ಈ ಪೇಪರ್ ಹಿಡ್ಕೊಳ್ಳಿ."

ಎದೆಗೆ ದಿನಪತ್ರಿಕೆ ಒತ್ತಿಕೊಂಡು, ಕಳ್ಳರ ಕೈಗೆ ಸಿಕ್ಕು ಬಿಡುಗಡೆಗೆ ಕಾಯುವವನ ಮುಖ ಮಾಡಿಕೊಂಡು ಸೂಜಿಯಣ್ಣ ನಿಂತ. ಯಜಮಾನರು ಮ್ಯಾಪಿಗೆ ಫೋಟೊ ಏರಿಸಿದ್ದಷ್ಟೇ ಅಲ್ಲ, ತಮ್ಮದೇ ಎರಡು ಸಾಲು ಸೇರಿಸಿದರು: ‘ಬಹಳ ಒಳ್ಳೆಯ ಮನುಷ್ಯ. ಇಪ್ಪತ್ತೆರಡು ವರ್ಷ ನಮ್ಮ ಬೀದಿಯಲ್ಲಿ ಸೇವೆ ಮಾಡಿದರು.’

ಅರ್ಧ ಗಂಟೆಯಲ್ಲಿ ಅದರ ಕೆಳಗೆ ಹದಿನೇಳು ಜನ ಕೈಮುಗಿದಿದ್ದರು. ‘ಆತ್ಮಕ್ಕೆ ಶಾಂತಿ ಸಿಗಲಿ’ ಎಂದು ಒಬ್ಬರು. ‘ನನ್ನ ಮಿಷಿನ್ ಅವರ ಹತ್ತಿರವೇ ಉಳಿದಿದೆ, ಮನೆಯವರು ಯಾರಾದರೂ ತಿಳಿಸಿ’ ಎಂದು ಇನ್ನೊಬ್ಬರು.

ಹನ್ನೆರಡಕ್ಕೆ ಪ್ರಿನ್ಸಿಪಾಲ್ ಮೇಡಂ ಫೋನು ಮಾಡಿದರು.

"ನೋಡಿ, ನಾನು ಯಾವುದನ್ನೂ ಪರೀಕ್ಷೆ ಮಾಡದೆ ನಂಬೋಳಲ್ಲ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಅಂತಾರೆ. ನಿಮ್ಮ ಅಂಗಡಿ ಬಗ್ಗೆ ಮೂರು ಬೇರೆ ಬೇರೆ ಕಡೆ ಹುಡುಕಿದೆ. ಮೂರರಲ್ಲೂ ಮುಚ್ಚಿದೆ ಅಂತಲೇ ಇದೆ."

"ಮೇಡಂ, ಅವರೆಲ್ಲ ಒಬ್ಬರನ್ನ ನೋಡಿ ಒಬ್ಬರು ಬರ್ಕೊಂಡಿರ್ತಾರೆ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ನಾನೇ ಮಾತಾಡ್ತಾ ಇದ್ದೀನಲ್ಲ."

"ಅಂಗಡಿಯವರು ತಮ್ಮ ಅಂಗಡಿ ಬಗ್ಗೆ ಹೇಳೋದನ್ನ ಪುರಾವೆ ಅಂತ ತಗೊಳ್ಳೋಕಾಗಲ್ಲ. ನಾಲ್ಕಕ್ಕೆ ಬರ್ತೀನಿ. ಅಷ್ಟರೊಳಗೆ ಆ ಮಾಹಿತಿ ಎಲ್ಲಿಂದ ಬಂತು ಅಂತ ತಿಳ್ಕೊಂಡಿರಿ. ಮೂಲ ಗೊತ್ತಾಗದೆ ನಾನು ಏನನ್ನೂ ತೀರ್ಮಾನಿಸಲ್ಲ."

ಮೂಲ ಎಂಬ ಮಾತು ಕನ್ನಡಕದ ಯಜಮಾನರ ಕಿವಿಗೆ ಬಿತ್ತು. ಅವರು ಕನ್ನಡಕವನ್ನು ಹಣೆಗೇರಿಸಿದರು.

"ಇಂಥ ಸುದ್ದಿ ಕಂಡಾಗ ಮೊದಲು ಕೇಳಬೇಕಾದ್ದು ಒಂದೇ. ಇದರಿಂದ ಲಾಭ ಯಾರಿಗೆ? ಬೆಳಿಗ್ಗೆ ಆ ಕಾರು ಎಲ್ಲಿಗೆ ಹೋಯ್ತು?"

ಎರಡು ಬೀದಿ ಆಚೆ ಇದ್ದ ಒಂದೇ ಒಂದು ರಿಪೇರಿ ಅಂಗಡಿ ಸೂಜಿಯಣ್ಣನ ಹೆಂಡತಿಯ ತಮ್ಮನದು. ಕೆಲಸ ಕಲಿಸಿದವನು ಇವನೇ. ಮೊದಲ ಸ್ಕ್ರೂ ಡ್ರೈವರ್ ಕೊಡಿಸಿದವನೂ ಇವನೇ.

"ಛೆ, ನಮ್ಮ ಭಾವಮೈದ ಅಂಥವನಲ್ಲ."

"ನಂಬಲರ್ಹ ವ್ಯಕ್ತಿ ಅಂದಿದ್ದಾರೆ," ಎಂದರು ಯಜಮಾನರು ತಣ್ಣಗೆ. "ನೀವು ನಂಬಿರೋದು ಯಾರನ್ನ?"

ಆ ಒಂದು ಮಾತು ಒಣಹುಲ್ಲಿಗೆ ಬಿದ್ದ ಕಿಡಿಯಾಯಿತು. ಎರಡು ಬೀದಿ ನಡೆಯುವಷ್ಟರಲ್ಲಿ ಸೂಜಿಯಣ್ಣನಿಗೆ ಹತ್ತು ವರ್ಷದ ಹಿಂದಿನ ಸಣ್ಣ ಸಣ್ಣ ವಿಷಯಗಳೆಲ್ಲ ನೆನಪಾಗಿ, ಎಲ್ಲಕ್ಕೂ ಹೊಸ ಅರ್ಥ ಹೊಳೆದು, ಭಾವಮೈದನ ಅಂಗಡಿ ಮುಟ್ಟಿದಾಗ ಮುಖ ಕೆಂಡವಾಗಿತ್ತು. ಅಲ್ಲಿ ಆರು ಯಂತ್ರಗಳು ಸಾಲಾಗಿ ಕೂತಿದ್ದವು. ಆರೂ ಗುರುತಿನವು. ಆರೂ ತನ್ನ ಗಿರಾಕಿಗಳವು.

"ಉಂಡ ಮನೆ ಜಂತೆ ಎಣಿಸೋದು ಅಂದ್ರೆ ಇದೇ ಕಣೋ," ಎಂದ, ಮೂರು ಜನ ಗಿರಾಕಿಗಳ ಎದುರಿಗೇ. "ನಾನು ಕಲಿಸಿದ ಕೈಯಿಂದಲೇ ನನ್ನ ಬಾಗಿಲಿಗೆ ಬೀಗ ಹಾಕಿಸ್ತೀಯಾ?"

"ಏನಾಯ್ತು ಭಾವ? ಕೂತ್ಕೊಳ್ಳಿ ಮೊದಲು."

"ಕೂರೋಕೆ ಬಂದಿಲ್ಲ. ಗಿರಾಕಿ ಬೇಕಿದ್ರೆ ಕೇಳಬೇಕಿತ್ತು. ಕದಿಯೋದು ಯಾಕೆ?"

ಭಾವಮೈದ ಒಂದು ಯಂತ್ರವನ್ನು ಮೆಲ್ಲಗೆ ಇವನ ಕಡೆ ತಿರುಗಿಸಿದ. ಅದರ ಕತ್ತಿನ ಮೇಲೆ ಒಂದು ಚೀಟಿ ಅಂಟಿಸಿತ್ತು: ‘ಭಾವನದು. ಸಂಜೆ ಕೊಡಬೇಕು.’ ಆರಕ್ಕೂ ಅದೇ ಚೀಟಿ.

"ಬೆಳಿಗ್ಗೆಯಿಂದ ಒಂದನ್ನೂ ಬಿಚ್ಚಿಲ್ಲ," ಎಂದ ಅವನು. "ನಿಮ್ಮ ಗಿರಾಕಿಗಳು ತಪ್ಪಿ ಬರ್ತಿದ್ದಾರೆ, ಸಂಜೆ ನಾನೇ ತಂದುಕೊಡೋಣ ಅಂತಿದ್ದೆ." ಸ್ಕ್ರೂ ಡ್ರೈವರ್ ಕೈಗೆತ್ತಿಕೊಂಡ. "ಈಗ ಬಿಚ್ತೀನಿ."

ಮೊದಲ ಸ್ಕ್ರೂ ಕಳಚುವ ಸದ್ದು ಸೂಜಿಯಣ್ಣನಿಗೆ ತನ್ನ ಹಲ್ಲು ಕಿತ್ತಂತೆ ಕೇಳಿಸಿತು. ಬೀದಿಗಿಳಿಯುತ್ತಿದ್ದಂತೆ ಹೆಂಡತಿಯ ಫೋನು.

"ನನ್ನ ತಮ್ಮನ್ನ ಕಳ್ಳ ಅಂದ್ರಂತೆ."

"ಹಾಗಲ್ಲ ಕಣೇ, ಇಂಟರ್‌ನೆಟ್ಟಲ್ಲಿ—"

"ಇಂಟರ್‌ನೆಟ್ಟಿಗೇ ಅಡುಗೆ ಮಾಡು ಅನ್ನಿ. ಅವನ ಹತ್ರ ಕ್ಷಮೆ ಕೇಳದೆ ಮನೆ ಕಡೆ ಬರಬೇಡಿ."

ನಾಲ್ಕಕ್ಕೆ ಸರಿಯಾಗಿ ಪ್ರಿನ್ಸಿಪಾಲ್ ಮೇಡಂ ಬಂದರು. ಮಣೆ ಒರೆಸಿಕೊಂಡು ಕೂತರು, ನೋಟ್‌ಬುಕ್ ತೆರೆದರು. ಝೆರಾಕ್ಸ್ ಅಕ್ಕನೂ ಕನ್ನಡಕದ ಯಜಮಾನರೂ ಸಾಕ್ಷಿಗಳ ಹಾಗೆ ಎರಡು ಪಕ್ಕ ನಿಂತರು.

"ಮೂಲ ಗೊತ್ತಾಯ್ತಾ?" ಮೇಡಂ ಕೇಳಿದರು.

ಸೂಜಿಯಣ್ಣ ತಲೆ ತಗ್ಗಿಸಿದ. ಅದೇ ಹೊತ್ತಿಗೆ ಮೇಜಿನ ಮೇಲಿದ್ದ ಅವನ ಫೋನು ಟಿಣ್ ಎಂದಿತು. ಅವನ ಕೈಯೆಲ್ಲ ಎಣ್ಣೆ, ಹಾಗಾಗಿ ಅಕ್ಕನೇ ಎತ್ತಿಕೊಂಡು ಗಟ್ಟಿಯಾಗಿ ಓದಿದಳು.

"‘ಅಭಿನಂದನೆಗಳು. ಹೊಲಿಗೆ ಯಂತ್ರ ರಿಪೇರಿ ಅಂಗಡಿ ಖಾಯಂ ಮುಚ್ಚಿದೆ ಎಂದು ನೀವು ಕೊಟ್ಟ ಮಾಹಿತಿಯಿಂದ ಇಲ್ಲಿಯವರೆಗೆ ಎರಡು ಸಾವಿರ ಜನರಿಗೆ ಪ್ರಯೋಜನವಾಗಿದೆ.’"

ಅಕ್ಕ ಓದಿದ್ದನ್ನೇ ಇನ್ನೊಮ್ಮೆ ಮನಸ್ಸಿನಲ್ಲಿ ಓದಿಕೊಂಡಳು. ಯಜಮಾನರು ಹಣೆಯ ಮೇಲಿದ್ದ ಕನ್ನಡಕವನ್ನು ಮೂಗಿಗೆ ಇಳಿಸಿದರು.

"ಇದು ನಿಮ್ಮದೇ ಫೋನಾ?" ಮೇಡಂ ಕೇಳಿದರು.

"ನನ್ನದೇ," ಎಂದ ಸೂಜಿಯಣ್ಣ. "ರಾತ್ರಿ ಊಟಕ್ಕೆ ಕೂತಾಗ ದಿನಾ ಕೇಳ್ತಿತ್ತು ಮೇಡಂ. ‘ನೀವು ಹೋಗಿದ್ದ ಅಂಗಡಿ ಈಗ ತೆರೆದಿದೆಯಾ?’ ಅಂತ. ರಾತ್ರಿ ಹೇಗೆ ತೆರೆದಿರುತ್ತೆ? ಬೀಗ ಹಾಕಿಯೇ ಬಂದಿರ್ತೀನಿ. ಸುಳ್ಳು ಯಾಕೆ ಹೇಳಲಿ ಅಂತ ‘ಇಲ್ಲ, ಮುಚ್ಚಿದೆ’ ಅನ್ನೋದನ್ನ ಒತ್ತುತ್ತಿದ್ದೆ. ಮೊನ್ನೆ ಇನ್ನೊಂದು ಪ್ರಶ್ನೆ ಕೇಳ್ತು, ‘ತಾತ್ಕಾಲಿಕವಾಗಿಯೋ, ಖಾಯಂ ಆಗಿಯೋ?’ ಅಂತ. ದಿನಾ ಏಳೂವರೆಗೆ ತಪ್ಪದೆ ಮುಚ್ತೀನಲ್ಲ, ಅದಕ್ಕೆ ಖಾಯಂ ಅಂದೆ."

ಮೇಡಂ ನಗಲಿಲ್ಲ. ನೋಟ್‌ಬುಕ್ಕಿನಲ್ಲಿ ಏನೋ ಬರೆದು, ಅಡಿಗೆರೆ ಎಳೆದರು.

"ಸರಿ. ಅಂತೂ ಮೂಲ ಸಿಕ್ಕಿತು," ಎಂದು ಎದ್ದರು. "ಅಂಗಡಿ ಮುಚ್ಚಿದೆ ಅಂತ ಹೇಳಿದ್ದು ಖುದ್ದು ಯಜಮಾನರೇ. ಇದಕ್ಕಿಂತ ಗಟ್ಟಿ ಮೂಲ ಎಲ್ಲಿ ಸಿಗುತ್ತೆ?"

"ಮೇಡಂ, ತೆಗೆದಿದೆ ಅಂತಲೂ ನಾನೇ ಹೇಳ್ತಿದ್ದೀನಲ್ಲ."

"ಅದರಿಂದ ನಿಮಗೆ ಲಾಭ ಇದೆ. ಮುಚ್ಚಿದೆ ಅಂದಿದ್ದರಿಂದ ನಿಮಗೆ ಚಿಕ್ಕಾಸಿನ ಲಾಭವೂ ಇಲ್ಲ. ಲಾಭ ಇಲ್ಲದೆ ಹೇಳಿದ ಮಾತನ್ನೇ ನಂಬಬೇಕು."

"ನೀವು ನನ್ನ ಅಂಗಡಿ ಒಳಗೇ ನಿಂತಿದ್ದೀರಿ, ಮೇಡಂ."

ಮೇಡಂ ಗೋಡೆ, ಸೂರು, ಸೂಜಿಗಳ ಡಬ್ಬಿ ಎಲ್ಲವನ್ನೂ ಮರುಕದಿಂದ ನೋಡಿದರು. "ಒಂದು ಸಲ ಕಣ್ಣಿಗೆ ಕಂಡಿದ್ದರ ಮೇಲೆ ತೀರ್ಮಾನ ಮಾಡೋಕಾಗಲ್ಲ," ಎಂದು ಹೇಳಿ, ಎರಡು ಬೀದಿ ಆಚೆಗೆ ದಾರಿ ತೋರಿಸುತ್ತಿದ್ದ ಫೋನನ್ನು ಹಿಂಬಾಲಿಸಿ ಹೊರಟರು.

ಐದೂವರೆಗೆ ಸೂಜಿಯಣ್ಣ ಬಾಗಿಲೆಳೆದು ಬೀಗ ಹಾಕಿದ. ಕ್ಷಮೆ ಕೇಳದೆ ಮನೆಗೆ ಹೋಗುವ ಹಾಗಿರಲಿಲ್ಲ, ಮನೆಗೆ ಹೋಗದೆ ಊಟ ಸಿಗುವ ಹಾಗಿರಲಿಲ್ಲ. ಭಾವಮೈದನ ಅಂಗಡಿಯ ಮುಂದೆ ಹೊಲಿಗೆ ಶಾಲೆಯ ವ್ಯಾನು ನಿಂತಿತ್ತು. ಮೊದಲ ಹತ್ತು ಯಂತ್ರಗಳು ಆಗಲೇ ಇಳಿದಿದ್ದವು. ಭಾವಮೈದ ಅವುಗಳ ನಡುವೆ, ಮದುವೆ ಮನೆಯಲ್ಲಿ ಪಾತ್ರೆ ತೊಳೆಯಲು ಒಬ್ಬನೇ ಉಳಿದವನಂತೆ ನಿಂತಿದ್ದ.

"ತಪ್ಪಾಯ್ತಪ್ಪ," ಎಂದ ಸೂಜಿಯಣ್ಣ. "ನನ್ನ ಅಂಗಡಿ ಮುಚ್ಚಿಸಿದ್ದು ನಾನೇ."

"ಗೊತ್ತಾಯ್ತು. ಮೇಡಂ ಹೇಳಿದ್ರು." ಅವನು ಒಂದು ಕುಳ್ಳ ಸ್ಟೂಲನ್ನು ಕಾಲಿನಿಂದ ಮುಂದೆ ತಳ್ಳಿದ. "ನಲವತ್ತು ಮಿಷಿನ್ ನನ್ನೊಬ್ಬನ ಕೈಲಾಗಲ್ಲ ಭಾವ. ಈ ವರ್ಷ ಇಲ್ಲೇ ಬಂದುಬಿಡಿ. ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಬರಬೇಕು, ಅಷ್ಟೇ."

ಸೂಜಿಯಣ್ಣ ಕೂತ. ಒಂದು ಯಂತ್ರದ ಸೂಜಿ ಕೆಳಗಿನ ಶಟಲ್ ಬಿಚ್ಚತೊಡಗಿದ.

"ಹಾಗಲ್ಲ ಭಾವ, ಮೊದಲು ಬೆಲ್ಟ್ ತೆಗೀರಿ," ಎಂದ ಭಾವಮೈದ.

ಸೂಜಿಯಣ್ಣ ಬೆಲ್ಟ್ ತೆಗೆದ. ಆಗ ಫೋನು ಹೊಡೆದುಕೊಂಡಿತು. ಅಪರಿಚಿತ ಗಂಡಸಿನ ದನಿ.

"ಮಿಷಿನ್ ರಿಪೇರಿಯವರಾ? ನಿಮ್ಮ ಬಾಗಿಲಲ್ಲಿ ನಿಂತಿದ್ದೀನಿ. ಬೇಗ ತೆಗೀರಿ."

"ಮುಚ್ಚಿದೆ ಸ್ವಾಮಿ. ಇನ್ನು ಒಂದು ವರ್ಷ ತೆಗೆಯಲ್ಲ."

"ಯಾರಿಗ್ರೀ ಸುಳ್ಳು ಹೇಳ್ತೀರಿ? ಐದು ನಿಮಿಷದ ಹಿಂದೆ ಮ್ಯಾಪಲ್ಲಿ ಪರಿಶೀಲಿಸಿ ಹಾಕಿದ್ದಾರೆ, ಹಸಿರಕ್ಷರದಲ್ಲಿ, ‘ತೆರೆದಿದೆ’ ಅಂತ. ಪೇಪರ್ ಹಿಡ್ಕೊಂಡು ನೀವು ನಿಂತಿರೋ ಫೋಟೊನೂ ಇದೆ."

"ಅಯ್ಯಾ, ಬೀಗ ಕಾಣ್ತಾ ಇಲ್ವಾ ನಿಮಗೆ? ನಾನೇ ನನ್ನ ಕೈಯಾರೆ ಹಾಕಿ ಬಂದಿದ್ದೀನಿ."

"ಒಳಗೇ ಇದ್ದೀರಿ ನೀವು," ಎಂದಿತು ದನಿ. "ನನಗೆ ಗೊತ್ತು."

ಆಮೇಲೆ ಫೋನಿನಲ್ಲಿ ಸೂಜಿಯಣ್ಣನಿಗೆ ಕೇಳಿಸಿದ್ದು, ಎರಡು ಬೀದಿ ಆಚೆ ಖಾಲಿ ಅಂಗಡಿಯ ಬಾಗಿಲನ್ನು ಯಾರೋ ಎರಡೂ ಕೈಯಿಂದ ದಬದಬ ಬಡಿಯುತ್ತಿದ್ದ ಸದ್ದು.